ಮೂರನೆಯ ಗಾಜು

ಗಿಡ್ಡಮ್ಮ ಕಣದಲ್ಲಿ ಕಾಫಿಬೀಜ ಹರಡುತ್ತಿದ್ದಾಗ, ಅಂಚಿನ ಬಿರುಕಿಗೆ ಅಡ್ಡವಾಗಿ ಅಂಟಿಸಿದ್ದ ಗಾಜು ಚಟ್ಟೆಂದು ಒಡೆಯಿತು.

"ತುಳಿದೆಯೇನೇ ಮಾರಾಯ್ತಿ?" ತೋಟದ ಒಡೆಯ ಚನ್ನಕೇಶವಗೌಡರು ಗದರಿದರು.

"ನಾನು ಮಾರು ದೂರದಲ್ಲಿದ್ದೀನಿ, ಗೌಡ್ರೇ."

ಮೊದಲ ಗಾಜು ಅಂಟಿಸಿದ ಭೂವಿಜ್ಞಾನದ ಮೇಡಂ, "ಬಿರುಕಿನ ಪಕ್ಕದ ಈ ಕರಿಕಲ್ಲಿನ ಪಟ್ಟೆ ಕೋಟ್ಯಂತರ ವರ್ಷದ ಹಿಂದೆ ಕುದಿಯುತ್ತ ನೆಲ ಸೀಳಿಕೊಂಡು ಬಂದದ್ದು. ಗುಡ್ಡ ಬಾಯಿಬಿಟ್ಟರೆ ಇದರ ಮಗ್ಗುಲಲ್ಲೇ. ಗಾಜು ಒಡೆದರೆ ಬಿರುಕು ಅಗಲವಾಗ್ತಿದೆ ಅಂತ ಅರ್ಥ. ಆಗ ನಮಗೆ ಕಾಗದ ಹಾಕಿ, ಕೆಳಗಿನ ನಿಮ್ಮ ಕೂಲಿಯವರ ಲೈನುಮನೆ ಖಾಲಿ ಮಾಡಿಸ್ತೀವಿ" ಎಂದಿದ್ದರು. ಅದು ಒಡೆದಾಗ ಗಿಡ್ಡಮ್ಮ ಬರೆದ ಕಾಗದವನ್ನು ಗೌಡರು "ಕೊಯ್ಲು ಮುಗೀಲಿ" ಎಂದು ಜೇಬಿನ ಡೈರಿಯೊಳಗಿಟ್ಟು, ಹೊಸ ಗಾಜು ಅಂಟಿಸಿದ್ದರು.

ಮೊದಲನೆಯದು ಮೂರು ತಿಂಗಳು ಬಾಳಿತ್ತು, ಎರಡನೆಯದು ಮೂರು ವಾರ. ಇದನ್ನು ನಿನ್ನೆ ಅಂಟಿಸಿದ್ದು.

ಹರಡಿದ ಬೀಜ ಒಂದೊಂದಾಗಿ ಬಿರುಕಿಗೆ ಉರುಳತೊಡಗಿತು. ತಳ ಮುಟ್ಟಿದ ಸದ್ದು ಬರಲಿಲ್ಲ.

ಗೌಡರು ಡೈರಿಯಿಂದ ಆ ಕಾಗದ ತೆಗೆದು ಜೀಪು ಓಡಿಸುವ ಅನಿಲನಿಗೆ ಕೊಟ್ಟರು. "ಅಂಚೆಗೆ ಹಾಕ್ಬೇಡ. ಓಡು, ಆ ಮೇಡಂ ಕೈಗೇ ಕೊಡು."