ಮಲಗಿದಲ್ಲೇ ತಪಾಸಣೆ

ಬಲಗೈ ಬೆರಳು ಎಡಗಾಲಿನ ಹೆಬ್ಬೆರಳನ್ನು ಮುಟ್ಟಬೇಕು ಎಂದು ಹೇಳಿ, ಮುಟ್ಟಿಯೂ ತೋರಿಸಿದ ಮ್ಯಾನೇಜರಮ್ಮನಿಗೆ ಮತ್ತೆ ನೆಟ್ಟಗಾಗಲು ಆಗಲಿಲ್ಲ. ಸೊಂಟದಲ್ಲಿ ಏನೋ ಚಳುಕ್ ಎಂದಿತು. "ಅಯ್ಯಯ್ಯೋ!" ಎಂದವರೇ ಮೊದಲು ಮಂಡಿಯೂರಿದರು, ಆಮೇಲೆ ಒಂದು ಮಗ್ಗುಲಿಗೆ ವಾಲಿದರು, ಕೊನೆಗೆ ನೆಲದ ಮೇಲೆ ಅಂಗಾತ ಬಿದ್ದುಕೊಂಡು ಛಾವಣಿಯನ್ನು ನೋಡತೊಡಗಿದರು. ಅಲ್ಲಿ ನೀರು ಸೋರಿದ ದೊಡ್ಡ ಕಲೆಯಿತ್ತು. ಅದರ ದುರಸ್ತಿಗೆಂದು ಅವರು ಬರೆದ ಅರ್ಜಿಗೆ ಮೊನ್ನೆಯಷ್ಟೇ ಮೂರು ವರ್ಷ ತುಂಬಿತ್ತು.

ಬಡಾವಣೆಯ ಮನರಂಜನಾ ಕೇಂದ್ರವನ್ನು ನೋಡಿಕೊಳ್ಳುವುದು ಅವರ ಕೆಲಸವೇ ಹೊರತು ಕೈಕಾಲು ಆಡಿಸುವುದಲ್ಲ. ಆದರೆ ಈ ಸಲ ನಗರಸಭೆ ಅನುದಾನಕ್ಕೆ ಕತ್ತರಿ ಹಾಕಿದಾಗ ಮೊದಲು ಹಾರಿಹೋದದ್ದು ವ್ಯಾಯಾಮದ ಶಿಕ್ಷಕಿಯ ಹುದ್ದೆ. ಬುಧವಾರದ ತರಗತಿ ನಿಂತುಹೋದರೆ ಆ ಹನ್ನೆರಡು ಮಂದಿ ವಯಸ್ಸಾದ ಹೆಂಗಸರು ಎಲ್ಲಿಗೆ ಹೋಗಬೇಕು? "ಗೋಡೆ ಮೇಲೆ ಚಿತ್ರ ಇದೆಯಲ್ಲ, ನೋಡ್ಕೊಂಡು ನಾನೇ ಮಾಡಿಸ್ತೀನಿ ಬಿಡಿ" ಎಂದು ಮ್ಯಾನೇಜರಮ್ಮ ಧೈರ್ಯವಾಗಿ ಹೇಳಿಬಿಟ್ಟಿದ್ದರು. ಮೂರನೇ ಚಿತ್ರದವರೆಗೆ ಎಲ್ಲವೂ ಸುಸೂತ್ರವಾಗಿಯೇ ನಡೆದಿತ್ತು.

ಅಷ್ಟರಲ್ಲಿ ಬಾಗಿಲ ಬಳಿ ಸದ್ದಾಯಿತು. ಕತ್ತು ಹೊರಳಿಸಿ ನೋಡಿದರೆ ಮೊದಲು ಕಂಡದ್ದು ಹೊಳೆಯುವ ಒಂದು ಜೊತೆ ಬೂಟು, ಅದರ ಮೇಲೆ ಕಂಕುಳಲ್ಲಿ ಅವುಚಿಕೊಂಡ ಫೈಲು, ಎಲ್ಲಕ್ಕೂ ಮೇಲೆ ನಗರಸಭೆಯ ಅಧಿಕಾರಿಯ ಮುಖ. ಮುಂದಿನ ವಾರ ಬರುತ್ತೇನೆಂದು ಪತ್ರ ಹಾಕಿದ್ದ ಆಸಾಮಿ! ಜನ ಬಳಸದ ಕೇಂದ್ರಗಳನ್ನು ಹುಡುಕಿ ಬೀಗ ಹಾಕಿಸುವುದು ಆತನ ಕೆಲಸ. ಪಕ್ಕದ ಎರಡು ಬಡಾವಣೆಗಳಲ್ಲಿ ಆಗಲೇ ಹಾಕಿಸಿ ಬಂದಿದ್ದ.

ಎದ್ದು ನಿಲ್ಲೋಣವೆಂದರೆ ಮ್ಯಾನೇಜರಮ್ಮನ ಸೊಂಟ ಸುತರಾಂ ಒಪ್ಪಲಿಲ್ಲ. ಹಿಂದುಗಡೆ ಧಪ್, ಧಪ್, ಉಸ್ಸಪ್ಪಾ ಎಂಬ ಸದ್ದುಗಳು ಕೇಳಿಸಿದವು. ಹನ್ನೆರಡು ಹೆಂಗಸರೂ ಸಾಲಾಗಿ ಅಂಗಾತ ಮಲಗಿಬಿಟ್ಟಿದ್ದರು. ಪಾಪ, ಇದೂ ನಾಲ್ಕನೇ ಚಿತ್ರದ್ದೇ ಅಂದುಕೊಂಡಿರಬೇಕು.

"ಏನ್ ನಡೀತಿದೆ ಇಲ್ಲಿ?" ಅಧಿಕಾರಿ ಕೇಳಿದ.

"ವ್ಯಾಯಾಮ ಸಾರ್" ಎಂದರು ಮ್ಯಾನೇಜರಮ್ಮ, ಛಾವಣಿಗೆ.

"ಎಲ್ಲರೂ ಮಲಗಿದ್ದಾರಲ್ರೀ?"

"ಇದು ಮಲಗೋ ವ್ಯಾಯಾಮ." ಸುಳ್ಳು ಹೇಳುವಾಗ ಯಾರ ಮುಖವನ್ನೂ ನೋಡದಿರುವುದು ಒಳ್ಳೆಯದೆಂದು ಅವರು ಕಣ್ಣು ಮುಚ್ಚಿಕೊಂಡರು. "ಬೆನ್ನಿಗೆ ತುಂಬಾ ಒಳ್ಳೇದು. ಮಧ್ಯದಲ್ಲಿ ಎದ್ರೆ ಮಾಡಿದ್ದೆಲ್ಲ ದಂಡ. ತಪ್ಪು ತಿಳೀಬೇಡಿ, ನೀವು ಕೇಳ್ತಾ ಹೋಗಿ, ನಾನು ಹೀಗೇ ಹೇಳ್ತೀನಿ."

ಅಧಿಕಾರಿ ಫೈಲು ಬಿಡಿಸಿದ. "ಟೇಬಲ್ ಟೆನಿಸ್ ಮೇಜಿಗೆ ಒಂದು ಕಾಲೇ ಇಲ್ಲ. ಅದನ್ನ ಯಾರೂ ಮುಟ್ಟಿದ ಹಾಗೆ ಕಾಣಲ್ಲ."

"ಕಾಲಿನ ಜಾಗದಲ್ಲಿ ಏನಿದೆ ನೋಡಿ ಸಾರ್. ಹಳೇ ಹಾಜರಿ ಪುಸ್ತಕಗಳು. ಒಂದರ ಮೇಲೊಂದು ಇಟ್ಟು ಮೇಜಿನ ಎತ್ತರಕ್ಕೆ ಬಂದಿದೆ. ಜನ ಬರದೇ ಇದ್ದಿದ್ರೆ ಮೇಜು ಯಾವತ್ತೋ ಮಲಗಿರೋದು."

ಅಧಿಕಾರಿ ಬಗ್ಗಿ ನೋಡಿದ. ಮೇಲೇಳುವಾಗ ಆತನ ಕೈಯೂ ಸೊಂಟಕ್ಕೆ ಹೋಯಿತು. ದನಿ ತಗ್ಗಿಸಿ ಕೇಳಿದ: "ಬೆನ್ನಿಗೆ ಒಳ್ಳೇದು ಅಂದ್ರಲ್ಲ, ನಿಜಾನಾ? ದಿನವಿಡೀ ಜೀಪಲ್ಲಿ ಕೂತು ಕೂತು ನನಗೆ ಸಾಕಾಗಿ ಹೋಗಿದೆ."

"ಮೂಲೇಲಿ ಒಂದು ಚಾಪೆ ಇದೆ ಸಾರ್."

ಬೂಟು ಕಳಚಿದ ಸದ್ದಾಯಿತು. ಚಾಪೆ ಬಿಡಿಸಿದ ಸದ್ದಾಯಿತು. "ಉಸಿರು ಎಳ್ಕೊಳ್ಳಿ... ನಿಧಾನವಾಗಿ ಬಿಡಿ... ಆಫೀಸು ಮರೀರಿ..." ಎಂದು ಮ್ಯಾನೇಜರಮ್ಮ ಬಾಯಿಗೆ ಬಂದದ್ದನ್ನು ಹೇಳುತ್ತಾ ಹೋದರು. ಐದು ನಿಮಿಷಕ್ಕೆಲ್ಲ ಗೊರಕೆ ಶುರುವಾಯಿತು. ಅದು ಅಂತಿಂಥ ಗೊರಕೆಯಲ್ಲ, ವರ್ಷಗಳಿಂದ ನಿದ್ದೆಗೆಟ್ಟವನ ಗೊರಕೆ. ಎಬ್ಬಿಸುವ ಧೈರ್ಯ ಯಾರಿಗಿದೆ? ಹದಿಮೂರು ಹೆಂಗಸರು ಉಸಿರು ಬಿಗಿಹಿಡಿದು ಮುಕ್ಕಾಲು ಗಂಟೆ ಮಲಗಿಯೇ ಇದ್ದರು.

ಎಚ್ಚರವಾದಾಗ ಅಧಿಕಾರಿಗೆ ನಾಚಿಕೆಯೋ ನಾಚಿಕೆ. ಗಡಿಬಿಡಿಯಲ್ಲಿ ಬೂಟು ತೊಟ್ಟ, ಫೈಲಿನಲ್ಲಿ ಏನೋ ಗೀಚಿದ, ಮ್ಯಾನೇಜರಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು ಸಹಿಗೆಂದು ಹಾಳೆಯನ್ನು ಅವರ ಮುಖದ ಮೇಲೆ ಹಿಡಿದ. 'ಸದುಪಯೋಗವಾಗುತ್ತಿದೆ. ಮುಚ್ಚತಕ್ಕದ್ದಲ್ಲ' ಎಂದಿತ್ತು. ಮಲಗಿಕೊಂಡು ಬರೆದರೆ ಪೆನ್ನು ಮೂಡುವುದಿಲ್ಲವೆಂಬುದು ಅವರಿಗೆ ಗೊತ್ತಾದದ್ದೇ ಆಗ. ನಾಲ್ಕು ಸಲ ತಿದ್ದಿ ತಿದ್ದಿ ಸಹಿ ಹಾಕಿದರು.

"ಈ ತರಗತಿ ಗಂಡಸರಿಗೂ ಉಂಟಾ?" ಹೊರಡುವಾಗ ಆತ ಕೇಳಿದ.

"ನೀವು ಬರ್ತೀರಿ ಅಂದ್ರೆ ಮುಂದಿನ ಬುಧವಾರದಿಂದ ಉಂಟು ಸಾರ್."

ಬೂಟಿನ ಸದ್ದು ದೂರವಾಯಿತು. ಮ್ಯಾನೇಜರಮ್ಮ ಛಾವಣಿ ನೋಡುತ್ತಲೇ ತಪ್ಪೊಪ್ಪಿಕೊಂಡರು. "ಎಲ್ಲರೂ ಕ್ಷಮಿಸಬೇಕು. ಇದು ವ್ಯಾಯಾಮ ಅಲ್ಲ, ಏನೂ ಅಲ್ಲ. ನನಗೆ ಸೊಂಟ ಹಿಡ್ಕೊಂಡಿದೆ."

"ಅಯ್ಯೋ, ಅಷ್ಟೂ ಗೊತ್ತಾಗಲ್ವೇನೇ ಮಗಳೇ!" ಎಂದರು ಮುಂದಿನ ಸಾಲಿನಲ್ಲಿದ್ದ, ನಿವೃತ್ತಿಯಾದ ಟೀಚರಮ್ಮ. "ನೀನು ಬಿದ್ದದ್ದೂ ನೋಡಿದ್ವಿ, ಆ ಮನುಷ್ಯ ಬಾಗಿಲಿಗೆ ಬಂದದ್ದೂ ನೋಡಿದ್ವಿ. ನಾನೇ ಎಲ್ಲರಿಗೂ ಕಣ್ಸನ್ನೆ ಮಾಡ್ದೆ, ಮಲಗ್ರೇ ಅಂತ."

ಮ್ಯಾನೇಜರಮ್ಮ ಮಲಗಿದಲ್ಲೇ ಕೈಮುಗಿದು ಹೇಳಿದರು: "ನಿಮ್ಮ ಉಪಕಾರ ಯಾವತ್ತೂ ಮರೆಯಲ್ಲ. ಈಗ ಯಾರಾದ್ರೂ ಒಬ್ಬರು ಎದ್ದು ನನಗೊಂದು ಕೈ ಕೊಡಿ."

ಯಾರೂ ಅಲುಗಾಡಲಿಲ್ಲ. ಕೊನೆಗೆ ಟೀಚರಮ್ಮನೇ ಬಾಯಿಬಿಟ್ಟರು.

"ಮಲಗೋವಾಗ ಅದೊಂದು ಹೊಳೀಲಿಲ್ಲ ನೋಡು. ನಾವ್ಯಾರೂ ನೆಲದಿಂದ ನಾವಾಗೇ ಎದ್ದು ಹತ್ತು ವರ್ಷ ಆಯ್ತು. ಜೋರಾಗಿ ಕೂಗು ಮಗಳೇ, ಆ ಅಧಿಕಾರಿ ಇನ್ನೂ ಗೇಟು ದಾಟಿರಲ್ಲ."