ಆಚೆ ಪುಟದ ಎರಡು ಸಾಲು

“ಪಾಪ ಮಾಡಿದವನಿಂದ ದೇವರು ಮುಖ ತಿರುಗಿಸಿಕೊಳ್ಳುತ್ತಾನೆ” ಎಂದು ಓದಿ, ಪುಟ ಮುಗಿಯುತ್ತಲೇ ಸೊಸೆ ಎಂದಿನಂತೆ ಧರ್ಮಗ್ರಂಥವನ್ನು ಪಟ್ಟನೆ ಮುಚ್ಚಿದಳು. ಒಂದು ವಾರದಿಂದ ಮಾವ ಇದೇ ಪುಟ ಓದಿಸುತ್ತಿದ್ದರು. ತಿಂಗಳ ಹಿಂದೆ ಅವಸರದಲ್ಲಿ ಅವರ ಬಲಗಣ್ಣಿಗೆ ಕಿವಿಯ ಔಷಧಿ ಹಾಕಿಬಿಟ್ಟವಳು ಅವಳೇ. ಆ ಕಣ್ಣು ಹೋಯಿತು. ಮಬ್ಬಾದ ಎಡಗಣ್ಣಿಗೆ ಅಕ್ಷರ ಕಾಣುವುದಿಲ್ಲ. ಅಂದಿನಿಂದ ಅವಳು ಔಷಧಿಯ ಬಾಟಲಿ ಮುಟ್ಟಿಲ್ಲ, ಗಂಡನೇ ಹಾಕುತ್ತಾನೆ.

“ಮಾವ, ಬೈಯೋದಿದ್ರೆ ನೀವೇ ಬೈದುಬಿಡಿ. ದೇವರ ಬಾಯಲ್ಲಿ ಯಾಕೆ ಬೈಸ್ತೀರಾ?”

“ಅಯ್ಯೋ ಹುಚ್ಚಿ! ಪುಟ ತಿರುಗಿಸ್ತೀಯೇನೋ ಅಂತ ನಾನು ಕಾಯ್ತಾ ಕೂತಿದ್ರೆ, ನೀನು ದಿನಾ ಅಲ್ಲಿಗೇ ಮುಚ್ಚಿಬಿಡ್ತೀಯ. ಹಿಂದೆ ಕೆಲಸಕ್ಕಿದ್ದ ಪ್ರೆಸ್ಸಲ್ಲಿ ಆ ಪುಟಕ್ಕೆ ಅಚ್ಚಿನ ಮೊಳೆ ಜೋಡಿಸಿದ್ದು ನಾನೇ ಕಣಮ್ಮಾ. ಜಾಗ ಸಾಲದೆ ಎರಡು ಸಾಲು ಆಚೆ ಪುಟಕ್ಕೆ ಹೋದ್ವು. ಓದು.”

ಅವಳು ಪುಟ ತಿರುಗಿಸಿದಳು. “ಆದರೆ ಅವನ ಅಳು ಕೇಳಿದೊಡನೆ ಮತ್ತೆ ಇತ್ತ ತಿರುಗುತ್ತಾನೆ. ಕ್ಷಮಿಸಿದ ಮೇಲೆ ಆ ಪಾಪವನ್ನು ನೆನಪಿನಲ್ಲಿಡುವುದಿಲ್ಲ.” ಕಣ್ಣು ತುಂಬಿ ಅಕ್ಷರಗಳು ಕಲಸಿಹೋದವು. “ಇದು ನಿಜಾನಾ, ಮಾವ?”

ಮಾವ ಪಕ್ಕದ ಮೇಜನ್ನು ತಡಕಿ, ಕಣ್ಣಿನ ಔಷಧಿಯ ಬಾಟಲಿ ತೆಗೆದು ಅವಳ ಅಂಗೈಯಲ್ಲಿಟ್ಟರು. ಆಮೇಲೆ ತಲೆಯನ್ನು ಕುರ್ಚಿಗೆ ಒರಗಿಸಿ, ಉಳಿದಿದ್ದ ಒಂದು ಕಣ್ಣನ್ನು ಅಗಲವಾಗಿ ತೆರೆದರು.