ಬೀರೂರು ಸಂತೆಯ ಜಾಕ್

ಗ್ರೀಸ್ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಎದೆ ಡವಗುಟ್ಟುತ್ತದೆ.

ನಾನಾಗ ಎರಡನೇ ಕ್ಲಾಸು. ಮಧ್ಯಾಹ್ನ ಅಜ್ಜಂಪುರದಿಂದ ತರೀಕೆರೆಗೆ ಹೋಗುವಾಗ ನಮ್ಮ ಹಳೆಯ ಕಾರಿನ ಸೈಲೆನ್ಸರ್ ಕಳಚಿ ನೆಲಕ್ಕೆ ಉಜ್ಜತೊಡಗಿತು. ಅಪ್ಪ ರಸ್ತೆಯಂಚಿಗೆ ನಿಲ್ಲಿಸಿ, ಬೀರೂರು ಸಂತೆಯಲ್ಲಿ ಅಗ್ಗಕ್ಕೆ ತಂದಿದ್ದ, ಗ್ರೀಸ್ ಮೆತ್ತಿದ ಜಾಕ್ ಕೊಟ್ಟು ಕಾರನ್ನು ಎತ್ತಿದರು.

“ಆ ಸಂತೆ ಜಾಕ್ ನಂಬ್ಕೊಂಡು ಅಡೀಗೆ ಹೋಗ್ಬ್ಯಾಡ್ರೀ,” ಎಂದಳು ಅಮ್ಮ.

“ಏನೂ ಆಗಲ್ಲ ಕಣೇ, ತಂತಿ ಕಟ್ಟಿ ಬಂದ್ಬಿಡ್ತೀನಿ,” ಎನ್ನುತ್ತಾ ಅಪ್ಪ ಅಂಗಾತ ಮಲಗಿ ಕಾರಿನಡಿ ಸರಿದರು.

ನಾನು ಜಾಕನ್ನೇ ನೋಡುತ್ತಿದ್ದೆ. ಅದು ಮೆಲ್ಲಗೆ ವಾಲತೊಡಗಿತು. ಅಮ್ಮನ ಸೆರಗು ಜಗ್ಗಿ ಬೆರಳು ತೋರಿಸಿದೆ. ಅಮ್ಮ ಅಪ್ಪನ ಕಾಲೆರಡನ್ನೂ ಹಿಡಿದು ಎಳೆದಳು. ಅವರ ತಲೆ ಹೊರಬಂದದ್ದೇ ತಡ, ಕಾರು ಧಡಾರನೆ ಕುಸಿಯಿತು.

ಆ ದಾರಿಯಲ್ಲಿ ಬಂದ ಲಾರಿ ಡ್ರೈವರೊಬ್ಬ ತನ್ನ ದಪ್ಪ ಜಾಕ್ ಇಳಿಸಿ ಕಾರನ್ನು ಎತ್ತಿಕೊಟ್ಟ. “ಇದು ಗ್ಯಾರೇಜಿನೋರು ಇಟ್ಕೊಳ್ಳೋ ಮಾಲು ಕಣ್ರಮ್ಮ, ಅಲ್ಲಾಡಲ್ಲ. ಹೆದರ್ಬ್ಯಾಡಿ,” ಎಂದ.

ಅಮ್ಮ ತಲೆಯಾಡಿಸಿದಳು. ಅಪ್ಪ ಮತ್ತೆ ಅಡಿಗೆ ಸರಿದಾಗ ಮಾತ್ರ ಧೂಳಲ್ಲೇ ಕುಕ್ಕರಿಸಿ ಅವರ ಎರಡೂ ಪಾದ ಹಿಡಿದುಕೊಂಡಳು. ತಂತಿ ಕಟ್ಟಿ ಮುಗಿಯುವವರೆಗೂ ಬಿಡಲಿಲ್ಲ.